ಅರ್ಧ ವೇಗದ ದೋಣಿ ಹಾಡು

ನಮ್ಮ ಚಿಕ್ಕಮ್ಮನ ಕೆಲಸ ಏನೆಂದು ಯಾರಾದರೂ ಕೇಳಿದರೆ ಹೇಳುವುದು ಕಷ್ಟ. ಎಲ್ಲರಿಗೂ ಗೊತ್ತಿರುವ ಹಾಡುಗಳನ್ನು ಗುರುತೇ ಸಿಗದಷ್ಟು ನಿಧಾನ ಮಾಡಿಕೊಡುವುದು ಅವರ ಕೆಲಸ. ಹಿಂದೆ ಹುಡುಗರು ಜನಪದ ಧಾಟಿಗೆ ಗಿಟಾರು, ಡ್ರಮ್ಮು ಸೇರಿಸಿ ಕಾಲೇಜು ಮೈದಾನಗಳಲ್ಲಿ ಕುಣಿದಾಡಿದ ಹಾಡುಗಳಿವೆಯಲ್ಲ, ಅವನ್ನೆತ್ತಿಕೊಂಡು, ಡ್ರಮ್ ಕಿತ್ತುಹಾಕಿ, ವೇಗ ಅರ್ಧಕ್ಕಿಳಿಸಿ, ಬರೀ ಪಿಯಾನೊ ಜೊತೆಗೆ ಉಸಿರಿನಂಥ ದನಿಯಲ್ಲಿ ಹಾಡುತ್ತಾರೆ. ಸಿನಿಮಾದಲ್ಲಿ ನಾಯಕ ಸಾಯುವಾಗ, ಸೀರಿಯಲ್ಲಿನಲ್ಲಿ ಸೊಸೆ ಮನೆ ಬಿಟ್ಟು ಹೋಗುವಾಗ ಹಿಂದೆ ಕೇಳಿಸುವುದು ಅದೇ. “ಇವಳ ಕೈಗೆ ಜೋಗುಳ ಕೊಟ್ರೆ ಮಲಗಿರೋ ಮಗು ಎದ್ದು ಅಳುತ್ತೆ” ಎಂದು ನಮ್ಮಮ್ಮ ತಂಗಿಯನ್ನು ಛೇಡಿಸುತ್ತಿದ್ದರು.

ಚಿಕ್ಕಪ್ಪ ಇದಕ್ಕೆ ತದ್ವಿರುದ್ಧ. ಅಂಥದ್ದೇ ಒಂದು ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದವರು. ಯಾವ ಹಾಡನ್ನೂ ಇದ್ದುದಕ್ಕಿಂತ ಬೇಗ ಮುಗಿಸುತ್ತಿದ್ದುದರಿಂದ ಗೆಳೆಯರು ‘ಗಡಿಬಿಡಿ’ ಎಂದು ಕರೆಯುತ್ತಿದ್ದರು. ಅವರು ಕಟ್ಟಿದ ಒಂದೇ ಒಂದು ಹಾಡು ಜನರ ಬಾಯಲ್ಲಿ ಉಳಿಯಿತು. ಅಂಬಿಗರ ಹಾಡು. ‘ಹುಟ್ಟು ಹಾಕೋ, ದಡ ಬಂತೋ’ ಎನ್ನುವಲ್ಲಿ ಕೇಳಿದವರೆಲ್ಲ ಚಪ್ಪಾಳೆ ಹೊಡೆಯುತ್ತಿದ್ದರಂತೆ.

ನಾಲ್ಕು ವರ್ಷದಿಂದ ಚಿಕ್ಕಪ್ಪನಿಗೆ ಮರೆವಿನ ಕಾಯಿಲೆ. ಮೊದಲು ಬೀದಿಗಳು ಮರೆತುಹೋದವು, ಆಮೇಲೆ ಹೆಸರುಗಳು, ಆಮೇಲೆ ಚಿಕ್ಕಮ್ಮ. ಹೋದ ವರ್ಷ ಬಾಯಲ್ಲಿಟ್ಟ ತುತ್ತನ್ನು ಏನು ಮಾಡಬೇಕೆಂಬುದೇ ಮರೆತುಹೋಯಿತು. ನುಂಗದೆ ಕೆನ್ನೆಯಲ್ಲಿಟ್ಟುಕೊಂಡು ಕೂತುಬಿಡುತ್ತಿದ್ದರು. ಬಟ್ಟಲು ಹಿಡಿದು ಸೋತ ಚಿಕ್ಕಮ್ಮ ಒಂದು ಮಧ್ಯಾಹ್ನ ಬೇಸರಕ್ಕೆ ದೋಣಿ ಹಾಡು ಗುನುಗಿದರು, ಹಳೆಯ ವೇಗದಲ್ಲೇ. ಚಿಕ್ಕಪ್ಪನ ಎರಡು ಬೆರಳು ತಟ್ಟೆಯ ಅಂಚಿನ ಮೇಲೆ ಕುಟ್ಟತೊಡಗಿದವು. ನಾಲ್ಕನೆಯ ಪೆಟ್ಟಿಗೆ ಬಾಯಿ ತೆರೆಯಿತು, ‘ದಡ ಬಂತೋ’ ಎನ್ನುವಲ್ಲಿ ತುತ್ತು ಗಂಟಲಿಳಿಯಿತು. ಅಂದಿನಿಂದ ಮೂರು ಹೊತ್ತೂ ಆ ಹಾಡೇ ಅವರ ಊಟ.

ನಾನು ಮೇಲಿನ ಮಹಡಿಯವಳು. ನನ್ನ ಮಗಳು ಗಟ್ಟಿ ಆಹಾರ ಶುರುಮಾಡಿದಾಗಿನಿಂದ ಮಧ್ಯಾಹ್ನ ಕೆಳಗೇ ಬರುತ್ತೇನೆ, ಒಬ್ಬಳೇ ಉಣ್ಣಿಸಲು ಭಯ. ಪ್ರತಿ ತುತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿತೋ ಏನೋ ಎಂದು ಉಸಿರು ಹಿಡಿದು ಕಾಯುತ್ತೇನೆ. ಎರಡು ಕುರ್ಚಿ, ಎರಡು ಬಟ್ಟಲು, ಬೇಯಿಸಿ ಅರೆದ ಅದೇ ಕ್ಯಾರೆಟ್ಟು. “ನಿಂದೊಂದು ಮಗು, ನಂದೊಂದು ಮಗು” ಎನ್ನುತ್ತಿದ್ದರು ಚಿಕ್ಕಮ್ಮ. “ನಿಂದಕ್ಕೆ ಹಲ್ಲು ಬರ್ತಿದೆ, ನಂದಕ್ಕೆ ಹೋಗ್ತಿದೆ. ಅಷ್ಟೇ ವ್ಯತ್ಯಾಸ.” ಹಾಡು ಕೇಳಿ ಕೇಳಿ ಮಗಳೂ ಚಮಚದಿಂದ ತಾಳ ಕುಟ್ಟಲು ಕಲಿತಳು.

ಆಗ ಒಬ್ಬ ಸೀರಿಯಲ್ ನಿರ್ದೇಶಕ ಫೋನ್ ಮಾಡಿದ. ಕಥೆಯಲ್ಲಿ ತಾಯಿ ಸಾಯುತ್ತಾಳೆ, ಅದಕ್ಕೆ ಆ ದೋಣಿ ಹಾಡೇ ಬೇಕು. ಎರಡು ದಿನ ಬಿಟ್ಟು ಹೇಳುತ್ತೇನೆ ಎಂದರು ಚಿಕ್ಕಮ್ಮ. ಆಮೇಲೆ ಒಪ್ಪಿಕೊಂಡರು. “ಅವರ ಹಾಡು. ಬೇರೆ ಯಾರೋ ಕೆಡಿಸೋದಕ್ಕಿಂತ ನಾನೇ ಕೆಡಿಸ್ತೀನಿ ಬಿಡು” ಎಂದರು.

ಅವರು ಕೆಲಸ ಮಾಡುವುದು ಚಿಕ್ಕಪ್ಪ ಕೂರುವ ಹಜಾರದ ಪಕ್ಕದ ಸಣ್ಣ ಕೋಣೆಯಲ್ಲಿ. ಯಾವಾಗಲೂ ಬಾಗಿಲು ಹಾಕಿ, ಹೆಡ್‌ಫೋನ್ ಹಾಕಿಕೊಂಡೇ ಮಾಡುತ್ತಿದ್ದರು. ನನಗೆ ತಡೆಯಲಿಲ್ಲ.

“ಚಿಕ್ಕಮ್ಮ, ಅದನ್ನ ಕಿವಿಗೆ ಹಾಕ್ಕೊಂಡ್ರೆ ಅವರು ಕೆಮ್ಮಿದ್ದು ಹೇಗೆ ಕೇಳಿಸುತ್ತೆ? ಎಂಜಲೇ ಗಂಟಲಿಗೆ ಸಿಕ್ಕಿಕೊಂಡ್ರೆ? ಸ್ಪೀಕರಲ್ಲಿ ಹಾಕ್ಕೊಳ್ಳಿ, ಬಾಗಿಲು ತೆಗೆದಿಡಿ.”

“ನಿನಗೆ ಇರುವೆ ಕಂಡ್ರೂ ಆನೆ ಕಣೇ” ಎಂದರು. ಆದರೆ ಬಾಗಿಲು ತೆಗೆದಿಟ್ಟರು.

ಮೂರು ವಾರ ಆ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ದೋಣಿ ಅರ್ಧ ವೇಗದಲ್ಲಿ ತೇಲಿತು. ಅದೇ ಸಾಲು ಐವತ್ತು ಸಲ, ನೂರು ಸಲ. ನಿರ್ದೇಶಕನಿಗೆ ತೃಪ್ತಿಯಿಲ್ಲ.

“ಚೆನ್ನಾಗಿದೆ ಮೇಡಂ. ಇನ್ನೂ ಸ್ವಲ್ಪ ಸಾಯ್ಬೇಕು.”

“ಎಷ್ಟಪ್ಪಾ ಸಾಯ್ಬೇಕು? ದೋಣಿ ಆಗಲೇ ಮುಳುಗಿಹೋಗಿದೆ.”

ಎರಡನೆಯ ವಾರದಲ್ಲಿ ಚಿಕ್ಕಪ್ಪನ ಬೆರಳುಗಳನ್ನು ಮೊದಲು ಗಮನಿಸಿದವಳು ನಾನು. ಪೆಟ್ಟು ಪೆಟ್ಟಿನ ನಡುವೆ ಅಂತರ ಬಂದಿತ್ತು. ಬೆರಳು ಮೇಲೆದ್ದು ಗಾಳಿಯಲ್ಲೇ ನಿಂತು, ಯೋಚಿಸಿ ಇಳಿಯುತ್ತಿತ್ತು. ಚಮಚ ಹಳೆಯ ವೇಗಕ್ಕೆ ಬಂದರೆ ಬಾಯಿ ಇನ್ನೂ ಮುಚ್ಚಿರುತ್ತಿತ್ತು. ಮತ್ತೆ ಆನೆ ಕಂಡಳು ಎಂದು ನಗುತ್ತಾರೇನೋ ಎಂದು ಬಾಯಿ ಬಿಡಲಿಲ್ಲ. ಇಲ್ಲದ್ದಕ್ಕೆಲ್ಲ ಬೊಬ್ಬೆ ಹೊಡೆಯುವವಳು, ಇದ್ದದ್ದಕ್ಕೆ ಸುಮ್ಮನಿದ್ದುಬಿಟ್ಟೆ.

ಮೂರನೆಯ ವಾರ ಕೆಲಸ ಮುಗಿದ ಮರುದಿನ ಬೆರಳು ಏಳಲೇ ಇಲ್ಲ. ಚಿಕ್ಕಮ್ಮ ಹಾಡಿದರು. ಮೊದಲ ಸಾಲು ಚುರುಕಾಗಿ ಶುರುವಾಗಿ, ಎರಡನೆಯದಕ್ಕೆ ಬರುವಷ್ಟರಲ್ಲಿ ತಾನಾಗಿಯೇ ಜಾರಿ ಅರ್ಧಕ್ಕಿಳಿಯಿತು. ಮತ್ತೆ ಶುರುಮಾಡಿದರು. ಮತ್ತೆ ಜಾರಿತು.

“ಬರ್ತಿಲ್ಲ ಕಣೇ. ನಾಲಿಗೆ ಎಳೀತಿದೆ.”

ಟಿಕ್ ಟಿಕ್ ಎನ್ನುವ ತಾಳದ ಯಂತ್ರ ತಂದಿಟ್ಟುಕೊಂಡು ಹಾಡಿದರು, ಬಸ್ಸಿನ ಹಿಂದೆ ಓಡುವವರ ಹಾಗೆ ಏದುಸಿರು ಬಿಡುತ್ತ. ಚಿಕ್ಕಪ್ಪ ಯಂತ್ರವನ್ನು ನೋಡಿದರು. ತಂಡದ ಹಳೆಯ ಕ್ಯಾಸೆಟ್ ಹಾಕಿದೆವು. ಹೋಟೆಲಿನಲ್ಲಿ ಯಾರಿಗೋ ಕಾಯುತ್ತ ಕೂತವರು ಅಲ್ಲಿನ ರೇಡಿಯೊ ಕೇಳುವಂತೆ ಕೇಳಿದರು.

ಕೊನೆಗೆ ನಾನು ಮಗಳ ಕುರ್ಚಿಯನ್ನು ಅವರ ಎದುರಿಗೆ ಎಳೆದೆ. ಆ ಮನೆಯಲ್ಲಿ ಹಳೆಯ ವೇಗ ಉಳಿದಿದ್ದುದು ಅವಳೊಬ್ಬಳ ಕೈಯಲ್ಲಿ. ಹತ್ತು ತಿಂಗಳ ಕೂಸು ಜೋರಾಗಿ ಚಮಚ ಕುಟ್ಟಿತು, ಒಂದು ಪೆಟ್ಟೂ ತಪ್ಪದೆ. ನಾವಿಬ್ಬರೂ ಚಿಕ್ಕಪ್ಪನ ಬಾಯನ್ನೇ ನೋಡುತ್ತ ಕೂತೆವು. ಅವರು ಚಮಚವನ್ನು ನೋಡಿದರು, ಆಮೇಲೆ ಗೋಡೆಯನ್ನು. ಕ್ಯಾರೆಟ್ಟು ತುಟಿಯಂಚಿನಿಂದ ಗಲ್ಲಕ್ಕಿಳಿಯಿತು.

ಐದು ದಿನದ ಮೇಲೆ ಆಸ್ಪತ್ರೆಯಲ್ಲಿ ಹೊಟ್ಟೆಗೆ ನಳಿಕೆ ಹಾಕಿದರು. “ಹಾಡಿನಿಂದ ಅಲ್ಲಮ್ಮ, ಈ ಕಾಯಿಲೆಯ ದಾರಿಯೇ ಇದು” ಎಂದರು ಡಾಕ್ಟರು. ಚಿಕ್ಕಮ್ಮ ತಲೆಯಾಡಿಸಿದರು. ಮೆಟ್ಟಿಲಿಳಿಯುವಾಗ “ಡಾಕ್ಟರಿಗೆ ಸಂಗೀತ ಬರಲ್ಲ” ಎಂದರು.

“ಬಾಗಿಲು ತೆಗೆದಿಡಿ ಅಂದಿದ್ದು ನಾನು, ಚಿಕ್ಕಮ್ಮ.”

“ಹೂಂ. ಕೆಮ್ಮಿದ್ರೆ ಕೇಳಿಸ್ಲಿ ಅಂತ.” ಮುಂದಿನ ಮೆಟ್ಟಿಲಿನ ಮೇಲೆ ನಿಂತರು. “ಮೂರು ವಾರದಲ್ಲಿ ಒಂದ್ಸಲಾನೂ ಕೆಮ್ಮಲಿಲ್ಲ ನೋಡು.”

ಸೀರಿಯಲ್ ಬಂತು. ತಾಯಿ ಸತ್ತಳು. ಅತ್ತುಬಿಟ್ಟೆವು ಎಂದು ಜನ ಫೋನ್ ಮಾಡಿದರು. ಚಿಕ್ಕಮ್ಮ ಎಲ್ಲರಿಗೂ “ಸಂತೋಷ” ಎಂದರು.

ಈಗ ಊಟಕ್ಕೆ ಹಾಡು ಬೇಡ. ದ್ರವ ಆಹಾರದ ಚೀಲವನ್ನು ಮೊಳೆಗೆ ತೂಗುಹಾಕಿ, ಸಣ್ಣ ಚಕ್ರ ತಿರುಗಿಸಿ, ಹನಿ ಹನಿಯಾಗಿ ಬಿಡುವುದು. “ಅವಸರ ಮಾಡ್ಬೇಡಿ, ನಿಧಾನ ಆದಷ್ಟೂ ಒಳ್ಳೇದು” ಎಂದು ಹೇಳಿಕೊಟ್ಟಿದ್ದಾಳೆ ನರ್ಸು. ಚಿಕ್ಕಮ್ಮ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಒಂದು ಗಂಟೆ ಹನಿಗಳನ್ನೇ ನೋಡುತ್ತ ಕೂರುತ್ತಾರೆ.

ನಾನು ಈಗಲೂ ಮಧ್ಯಾಹ್ನ ಮಗಳನ್ನೆತ್ತಿಕೊಂಡು ಕೆಳಗೆ ಹೋಗುತ್ತೇನೆ. ನಿನ್ನೆ ಅವಳು ಕುರ್ಚಿಯಲ್ಲಿ ಕೂತವಳೇ ಬಟ್ಟಲಿನ ಅಂಚಿನ ಮೇಲೆ ಚಮಚ ಕುಟ್ಟಲು ಶುರುಮಾಡಿದಳು, ಅದೇ ತಾಳ, ಅದೇ ವೇಗ. ಚಿಕ್ಕಮ್ಮ ಎದ್ದು ಬಂದು ಅವಳ ಮುಷ್ಟಿ ಬಿಡಿಸಿ ಚಮಚವನ್ನು ತೆಗೆದಿಟ್ಟರು. ಅವಳು ಅತ್ತಳು. ನಾನು ಬೆರಳಿನಿಂದಲೇ ಉಣ್ಣಿಸಿದೆ.