ರಾಹುಕಾಲ ಕಳೆಯಲಿ

ಇಟ್ಟಮಡುವಿನ ನನ್ನ ಹೋಳಿಗೆ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟ ನಸ್ರೀನ್, ಅದನ್ನು ನಡೆಸುವುದನ್ನು ಕಲಿಸಲು ತಿಲಕ್ ನಗರದಿಂದ ಬಂದಿದ್ದರು. ಅಕ್ಷರವನ್ನೂ ನಾನಾಗಿಯೇ ಕಲಿತವಳು ನಾನು. "ನೀವು ಮುಟ್ಬೇಡಿ, ಬಾಯಲ್ಲಿ ಹೇಳಿ, ನಾನೇ ಮಾಡ್ತೀನಿ" ಎಂದೆ. ಅವರು ಕೈಕಟ್ಟಿ ಕೂತು ಹೇಳಿಕೊಟ್ಟರು. ಯುಗಾದಿ ಹೋಳಿಗೆಗೆ ಆರ್ಡರ್ ತೆಗೆದುಕೊಳ್ಳುವ ಪುಟ ಕೊನೆಗೂ ಸಿದ್ಧವಾಯಿತು. ಅವತ್ತೇ ಅದು ಜನರಿಗೆ ಕಾಣದಿದ್ದರೆ ಹಬ್ಬದ ವ್ಯಾಪಾರ ಪಕ್ಕದ ಬೀದಿಯವರ ಪಾಲು.

"ಈಗ ಪಬ್ಲಿಶ್ ಒತ್ತಿ, ಮೇಡಂ."

ಗೋಡೆಯ ಕ್ಯಾಲೆಂಡರ್ ನೋಡಿದೆ. "ಈಗ ರಾಹುಕಾಲ. ಒತ್ತಲ್ಲ."

"ನಾನು ಇನ್ನೊಂದು ಕಡೆ ಹೋಗ್ಬೇಕಲ್ಲ?"

"ಹೋಗಿ. ಆಮೇಲೆ ನಾನೇ ಒತ್ತುತ್ತೀನಿ."

ಆಮೇಲೆ ನಾನು ಒಲೆ ಮುಂದೆ ಕೂತರೆ ಕೈತುಂಬ ಕಣಕ, ಎಲ್ಲ ಮರೆತು ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ನನ್ನ ರಾಹುಕಾಲದ ಮಾತಿಗೆ ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ರಾಹುಕಾಲ ಯಾವಾಗ ಮುಗಿಯುತ್ತೆ ಎಂದು ಕೇಳಿದರು. ಹನ್ನೆರಡಕ್ಕೆ ಎಂದೆ. ಪರದೆಯ ಮೇಲೆ ದಿನಾಂಕ, ಸಮಯ ತುಂಬುವ ಜಾಗ ತೋರಿಸಿದರು. "ಇಲ್ಲಿ ಹನ್ನೆರಡೂಕಾಲು ಅಂತ ಹಾಕಿ. ಪುಟ ತಾನೇ ತೆರ್ಕೊಳ್ಳುತ್ತೆ."

"ಇದನ್ನ ಹಾಕೋದೂ ರಾಹುಕಾಲದಲ್ಲೇ ಅಲ್ವಾ?"

"ಇದು ಮದುವೆಗೆ ಮುಂಚೆ ಛತ್ರ ಬುಕ್ ಮಾಡಿದ ಹಾಗೆ, ಮೇಡಂ. ತಾಳಿ ಕಟ್ಟೋದು ಮುಹೂರ್ತಕ್ಕೇ."

ಸಮಯ ನಾನೇ ಹಾಕಿದೆ.

ಹನ್ನೆರಡೂಕಾಲಿಗೆ ಹಿಟ್ಟಿನ ಕೈಯಲ್ಲೇ ಫೋನ್ ತೆಗೆದು ನೋಡಿದೆ. ಪುಟ ತೆರೆದಿತ್ತು. ನೋಡುತ್ತಿದ್ದಂತೆ ಮೊದಲ ಆರ್ಡರ್ ಬಂತು: ಕಾಯಿ ಹೋಳಿಗೆ, ತಿಲಕ್ ನಗರಕ್ಕೆ, ಹೆಸರು ನಸ್ರೀನ್. ಆಕೆಯೂ ನನ್ನ ಮುಹೂರ್ತಕ್ಕೆ ಕಾಯುತ್ತಿದ್ದರು.

ಹೇಳಿದ ಕೆಲಸವನ್ನು ಹೇಳಿದ ಹೊತ್ತಿಗೆ ಮಾಡುವವಳು ಈ ಕಡೆ ನಾನೊಬ್ಬಳೇ ಎಂದುಕೊಂಡಿದ್ದೆ. ಈಗ ಮೂವರಾದೆವು, ವೆಬ್‌ಸೈಟನ್ನೂ ಸೇರಿಸಿದರೆ.