ಮರ ಹತ್ತಿದ ಗೌಜಲ ಹಕ್ಕಿ

ಹರಿಹರದ ಗೌಸ್ ಪೀರ್ ಹತ್ತಿ ಹಿಂಜಿ ಗಾದಿ ಹೊಲಿಯುವವ. ಯಾರಾದರೂ ಹೊಗಳಿದರೆ ಸಾಕು, ಉಬ್ಬಿಹೋಗುವ ಆಸಾಮಿ. ಆದರೆ ಊರು ಹೊಗಳುತ್ತಿದ್ದದ್ದು ಅವನ ಗಾದಿಯನ್ನಲ್ಲ, ಅವನು ಸಾಕಿದ್ದ ಗಂಡು ಗೌಜಲ ಹಕ್ಕಿಯನ್ನು. ಬೆಳಗಾಗುತ್ತಲೇ ಪಂಜರದ ಬಟ್ಟೆ ಸರಿಸಿ ಅಂಗಳಕ್ಕೆ ಬಿಟ್ಟರೆ ಓಣಿಗೆ ಓಣಿಯೇ ಏಳುವಂತೆ ಕೂಗುತ್ತಿತ್ತು.

ಅವನ ಹೆಂಡತಿ ಹಜೀರಾಬೀಗೆ ಆ ಕೂಗೇ ಬೆಳಗು. ಸಿಡುಬಿನಲ್ಲಿ ಕಣ್ಣು ಕಳೆದುಕೊಂಡವಳು ಅದನ್ನು ಕೇಳಿದ ಮೇಲೆಯೇ ಒಲೆ ಹಚ್ಚುತ್ತಿದ್ದಳು.

ಅರವತ್ತೆರಡನೇ ಇಸವಿಯ ಸುಮಾರಿಗೆ ಹೊಳೆದಂಡೆಗೆ ಸಿನಿಮಾದವರು ಬಂದರು. ದುರ್ಬೀನು ಹಿಡಿದು ಹಕ್ಕಿ ನೋಡುತ್ತ ಅಲೆಯುವವನೊಬ್ಬನ ಕಥೆಯಂತೆ. ಕೂಗು ಕೇಳಿದ ಡೈರೆಕ್ಟರು ಗೌಸ್ ಪೀರನ ಬಾಗಿಲಿಗೇ ಬಂದರು.

"ಮರದ ತುದೀಲಿ ಕೂತು ಹಾಡಬೇಕಪ್ಪ."

"ಅದು ನೆಲದ ಹಕ್ಕಿ ಸ್ವಾಮಿ. ಮರದ ಮ್ಯಾಲೆ ಕೂಡ್ಸಿದ್ರೆ ಬೆದರ್ತೈತೆ, ಕೂಗಲ್ಲ."

"ನೋಡೋರಿಗೇನು ಗೊತ್ತಾಗುತ್ತೆ ಬಿಡು."

ಆಗಲೇ ಬಾಗಿಲು ಹಾಕಿಕೊಳ್ಳಬೇಕಿತ್ತು ಪುಣ್ಯಾತ್ಮ. ಹಾಕಿಕೊಳ್ಳಲಿಲ್ಲ. "ಇದರ ದನಿ ಸಿನಿಮಾದಾಗ ಇರ್ತೈತಲ್ರೀ?" ಎಂದು ಕೇಳಿದ. ಇರದೇ ಏನು ಎಂದರು ಅವರು.

"ಕೊಡ್ರಿ," ಎಂದಳು ಒಳಗಿನಿಂದ ಹಜೀರಾಬೀ. "ಅದಕ್ಕೂ ವಯಸ್ಸಾತು. ದನಿಯಾದ್ರೂ ಉಳೀತೈತೆ."

ಮರುದಿನ ಹಕ್ಕಿಯ ಕಾಲಿಗೆ ದಾರ ಕಟ್ಟಿ ಅರಳಿಮರದ ಕೊಂಬೆಗೆ ಬಿಗಿದರು. ಅದು ಮುದುಡಿ ಕೂತಿತು, ತುಟಿಪಿಟಕ್ಕೆನ್ನಲಿಲ್ಲ. ಡೈರೆಕ್ಟರು ಮುಖ ಗಂಟಿಕ್ಕಿದರು. ಗೌಸ್ ಪೀರನಿಗೆ ಅವಮಾನವಾಯಿತು. ಆಗ ಅವನು ಬೇಟೆಗಾರರು ಮಾಡುವ ಕೆಲಸ ಮಾಡಿದ. ಪೊದೆಯ ಹಿಂದೆ ಕೂತು, ಬಾಯಿಗೆ ಕೈ ಮರೆಮಾಡಿ, ಇನ್ನೊಂದು ಗಂಡು ಗೌಜಲದ ಹಾಗೆ ಕೂಗಿದ. ತನ್ನ ಜಾಗಕ್ಕೆ ಬೇರೆ ಗಂಡು ಬಂದರೆ ಈ ಹಕ್ಕಿ ಸುಮ್ಮನಿರುವುದಿಲ್ಲ. ಎದೆಯುಬ್ಬಿಸಿ ಕೂಗಿತು, ಮತ್ತೆ ಮತ್ತೆ ಕೂಗಿತು, ಕೆಳಗಿಳಿದು ಕಾದಾಡಲು ಹಾರಿತು. ದಾರ ಜಗ್ಗಿ ತಲೆಕೆಳಗಾಗಿ ನೇತಾಡಿತು.

ಕಾಲು ಮುರಿದಿತ್ತು. ವಾರ ತುಂಬುವ ಮೊದಲೇ ಸತ್ತಿತು.

ಹಜೀರಾಬೀ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಸಿನಿಮಾ ಬರ್ಲಿ," ಎಂದಳು ಅಷ್ಟೇ. ಅಂದಿನಿಂದ ದಿನಾ ಬೆಳಗ್ಗೆ ಅವನೇ ಅವಳ ಭುಜ ಮುಟ್ಟಿ ಎಬ್ಬಿಸಬೇಕಾಯಿತು. ಮುಟ್ಟಲು ಕೈ ಬರುತ್ತಿರಲಿಲ್ಲ.

ವರ್ಷ ಕಳೆದು ಸಿನಿಮಾ ದಾವಣಗೆರೆಗೆ ಬಂತು. ಹೆಂಗಸರ ಕಡೆ ಒಬ್ಬಳನ್ನೇ ಕೂಡಿಸಲಾರದೆ ಅವನು ಗಂಡ ಹೆಂಡತಿ ಜೊತೆಗೆ ಕೂಡಬಹುದಾದ ಕುರ್ಚಿ ಟಿಕೀಟು ತೆಗೆದ. ಹಜೀರಾಬೀ ಮದುವೆಗೆ ಹೊರಟವಳಂತೆ ಹೊಸ ಸೀರೆ ಉಟ್ಟಿದ್ದಳು.

ಅರ್ಧ ಕಥೆ ಕಳೆದ ಮೇಲೆ ಹೀರೋ ದುರ್ಬೀನು ಎತ್ತಿದ. ಅರಳಿಮರ ಕಂಡಿತು. ಕೊಂಬೆಯ ಮೇಲೆ ಅವರ ಹಕ್ಕಿ, ಜೀವಂತ, ಎದೆಯುಬ್ಬಿಸಿ ಕೊಕ್ಕು ತೆರೆಯಿತು. ಅದರ ಬಾಯಿಂದ ಕೋಗಿಲೆಯ ದನಿ ಬಂತು. ಮಂದಿ ತಲೆದೂಗಿದರು. ಗೌಸ್ ಪೀರ್ ಹೆಂಡತಿಯ ಕಡೆ ತಿರುಗಿದ.

"ಕೋಗಿಲೆ ಕೂಗ್ತು," ಎಂದಳು ಹಜೀರಾಬೀ ಮೆಲ್ಲಗೆ. "ನಮ್ಮದು ಇನ್ನೂ ಬಂದಿಲ್ಲ ಅಲ್ರೀ?"

"ಇನ್ನೂ ಇಲ್ಲ," ಎಂದುಬಿಟ್ಟ.

ಅವಳು ಮುಂದಕ್ಕೆ ಬಾಗಿ, ಕಿವಿಯ ಮೇಲಿನ ಸೆರಗು ಸರಿಸಿ ಕೂತಳು. ಹಾಡು ಬಂತು, ಹೊಡೆದಾಟ ಬಂತು, ಮದುವೆಯೂ ಆಯಿತು. ದೀಪ ಹತ್ತಿ ಜನ ಕುರ್ಚಿ ಸದ್ದು ಮಾಡುತ್ತ ಎದ್ದರು. ಗೌಸ್ ಪೀರ್ ಅವಳ ಭುಜ ಮುಟ್ಟಿದ.

ಅವಳು ಅವನ ಕೈಯನ್ನು ಅಲ್ಲೇ ಹಿಡಿದುಕೊಂಡಳು. "ತಡೀರಿ. ಮಂದಿ ಹೋಗ್ಲಿ, ಗದ್ದಲದಾಗ ಕೇಳ್ಸಲ್ಲ. ಈಗ ಬರ್ತೈತೆ ನಮ್ಮದು."