ಚಷ್ಮಾದೊಳಗಿನ ಬಟ್ಟೆ ಅಂಗಡಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ಕಾಕು ಆ ದಿನ ಇಳಕಲ್ ಸೀರೆ ಉಟ್ಟಿದ್ದರು ಎಂದು ನನ್ನ ಮನಸ್ಸು ಹೇಳುತ್ತದೆ. ಆದರೆ ಅದು ಹಿರಿಯ ಹೆಂಗಸರನ್ನೆಲ್ಲ ಇಳಕಲ್ ಸೀರೆಯಲ್ಲೇ ನೆನೆಯುವುದರಿಂದ ಅದರ ಮಾತನ್ನು ನಂಬುವಂತಿಲ್ಲ. ಇಷ್ಟು ವರ್ಷದಿಂದ ದಿನಚರಿ ಬರೆಯುತ್ತಿದ್ದೇನಲ್ಲ ಎಂದು ತೆಗೆದು ನೋಡಿದೆ. ಆ ದಿನ ಬರೆದದ್ದು ಇಷ್ಟೇ: ಉದಗೀರಕ್ಕೆ ಹೋಗಿದ್ದೆ, ಬದನೆಕಾಯಿ ಪಲ್ಯ ಚೆನ್ನಾಗಿತ್ತು.

ಕಾಕು ಎಂದರೆ ನನ್ನ ಗಂಡನ ಚಿಕ್ಕಪ್ಪನ ಹೆಂಡತಿ. ಉದಗೀರದ ಪೇಟೆಯಲ್ಲಿ ಅವರ ಬಟ್ಟೆ ಅಂಗಡಿ ಇತ್ತು. ಕಾಕಾ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತು, ರಸ್ತೆ ಅಗಲವಾದಾಗ ಕಟ್ಟಡವೂ ಹೋಯಿತು. ಅವರ ಮೊಮ್ಮಗಳು ಋತುಜಾ ಲಾತೂರಿನಲ್ಲಿ ಕಂಪ್ಯೂಟರ್ ಓದುತ್ತಾಳೆ. ಕಾಲೇಜಿನ ಪ್ರಾಜೆಕ್ಟಿಗೆಂದು ಆ ಅಂಗಡಿಯನ್ನು ಮತ್ತೆ ಕಟ್ಟಲು ಹೊರಟಳು, ಇಟ್ಟಿಗೆಯಿಂದಲ್ಲ, ಕಣ್ಣಿಗೆ ಕಟ್ಟಿಕೊಳ್ಳುವ ಆ ದಪ್ಪ ಚಷ್ಮಾದಂಥ ಹೆಡ್‌ಸೆಟ್ಟಿನೊಳಗೆ. ಹಾಕಿಕೊಂಡರೆ ಅಂಗಡಿಯ ನಡುವೆಯೇ ನಿಂತಂತೆ. ತಿರುಗಿದರೆ ಕಪಾಟು, ತಲೆಯೆತ್ತಿದರೆ ಫ್ಯಾನು.

ಉಮರ್ಗಾದಲ್ಲಿರುವ ನನಗೆ ಫೋನು ಮಾಡಿದಳು. "ಚಿಗವ್ವಾ, ದುಕಾನ ಹ್ಯಾಂಗಿತ್ತು ಹೇಳು. ನೀ ಬರಿಯಾಕಿ, ನಿನಗ ಎಲ್ಲಾ ನೆನಪಿರತದ."

ಬರೆಯುವವರಿಗೆ ಎಲ್ಲ ನೆನಪಿರುತ್ತದೆ ಎಂಬ ಈ ತಪ್ಪು ತಿಳುವಳಿಕೆಯನ್ನು ತಿದ್ದುವಷ್ಟು ಪ್ರಾಮಾಣಿಕಳಲ್ಲ ನಾನು. ಗೋಡೆ ತಿಳಿನೀಲಿ ಎಂದೆ. ಕನ್ನಡಿ ಎಡಗಡೆ ಎಂದೆ. ಕಾಕಾ ಕೂರುತ್ತಿದ್ದ ಗಾದಿಗೆ ಬಿಳಿ ಹಾಸು ಎಂದೆ. ಗಾದಿಯ ಬಗ್ಗೆ ನನಗೆ ಅನುಮಾನವಿಲ್ಲ. ಗೋಡೆಯ ಬಗ್ಗೆ ಆಗಲೂ ಇತ್ತು, ಆದರೆ ಧ್ವನಿಯಲ್ಲಿ ತೋರಿಸಲಿಲ್ಲ.

ಇಂಥ ಯಂತ್ರಗಳ ಕುರಿತ ಕಥೆಗಳನ್ನು ನಾನು ಸಾಕಷ್ಟು ಓದಿದ್ದೇನೆ. ಎಲ್ಲದರಲ್ಲೂ ಒಂದೇ ಭಯ. ಒಬ್ಬ ಒಳಗೆ ಹೋಗುತ್ತಾನೆ, ಒಳಗೆ ಎಲ್ಲ ಸುಂದರ, ಹೊರಗೆ ಬರಲು ಮನಸ್ಸಾಗುವುದಿಲ್ಲ, ಇತ್ತ ಹೆಂಡತಿ ಮಾಡಿಟ್ಟ ರೊಟ್ಟಿ ಒಣಗುತ್ತದೆ. ಕಲಬುರಗಿಯಲ್ಲಿ ಎಂ.ಎ. ಓದುವಾಗ ನಾನೂ ಅಂಥದೊಂದು ಕಥೆ ಬರೆದಿದ್ದೆ. ನನ್ನ ನಾಯಕ ಮೂರು ದಿನ ಆ ಮಾಯಾಲೋಕದಲ್ಲಿದ್ದು ಕೊನೆಗೆ ಜಗತ್ತನ್ನೇ ಮರೆಯುತ್ತಾನೆ. ಹಾಸ್ಟೆಲಿನಲ್ಲಿ ಗಂಭೀರ ಧ್ವನಿಯಲ್ಲಿ ಓದಿ ಮುಗಿಸಿದೆ. ಔರಾದ ಶಹಾಜನಿಯ ಗೆಳತಿ ಹಾಸಿಗೆಯಿಂದ ಏಳದೆಯೇ ಕೇಳಿದಳು: "ಮೂರು ದಿನದಾಗ ಅಂವಾ ಸಂಡಾಸಕ್ಕರ ಹೋಗ್ಯಾನೋ ಇಲ್ಲೋ, ಅದೊಂದು ಹೇಳು."

ಶೌಚಾಲಯವೇ ಇಲ್ಲದ ಆ ಕಥೆ ಎಲ್ಲೂ ಪ್ರಕಟವಾಗಲಿಲ್ಲ. ಭಯ ಮಾತ್ರ ಉಳಿಯಿತು. ನಮ್ಮ ಹಳೆಯ ಕಾವ್ಯಮೀಮಾಂಸೆಯವರಿಗೆ ಈ ಭಯ ಇದ್ದಂತಿಲ್ಲ. ಸಹೃದಯ ನಾಟಕದಲ್ಲಿ ಮುಳುಗುತ್ತಾನೆ, ತನ್ನನ್ನು ಮರೆಯುತ್ತಾನೆ, ಆದರೂ ಕೂತ ಜಾಗ ಬಿಟ್ಟು ಏಳುವುದಿಲ್ಲ ಎಂದು ಅವರು ನಿಶ್ಚಿಂತೆಯಿಂದಿದ್ದರು. ಋತುಜಾಳ ಯಂತ್ರದಲ್ಲಿ ಸಹೃದಯರು ಎದ್ದು ನಡೆಯಬಹುದು. ಅಲ್ಲಿಂದಲೇ ತೊಡಕು ಶುರುವಾಯಿತು.

ಆ ಮಧ್ಯಾಹ್ನ ಕಾಕುವಿನ ಈಗಿನ ಮನೆಯ ಪಡಸಾಲೆಯಲ್ಲಿ ಋತುಜಾ ಅಜ್ಜಿಯ ಕಣ್ಣಿಗೆ ಅದನ್ನು ಕಟ್ಟಿದಳು. ಕಾಕು ಮೊದಲು ಮಾಡಿದ್ದು ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡದ್ದು.

"ಅಜ್ಜೀ, ಅಲ್ಲಿ ಯಾರೂ ಇಲ್ಲ. ಸೆರಗ್ಯಾಕ?"

"ದುಕಾನದಾಗ ನಿಂತೀನಿ. ಗಿರಾಕಿ ಬಂದ್ರ?"

ನಾವಿಬ್ಬರೂ ಅವರ ಕಣ್ಣೀರಿಗೆ ಕಾಯುತ್ತಿದ್ದೆವು. ಕಾಕು ಕಪಾಟು ನೋಡಲಿಲ್ಲ, ಕನ್ನಡಿ ನೋಡಲಿಲ್ಲ. ಗಾದಿಯನ್ನು ಸುತ್ತುಹಾಕಿ ನೇರ ಹಿಂದಕ್ಕೆ ನಡೆದರು. ನಾನು ಓಡಿ ಮೊಣಕೈ ಹಿಡಿಯದಿದ್ದರೆ ಪಡಸಾಲೆಯ ಗೋಡೆಗೆ ಹಾಯುತ್ತಿದ್ದರು.

"ಇಲ್ಲೇನೂ ಇಲ್ಲಲ್ಲೇ! ಬರೇ ಬೂದಿ ಬಣ್ಣ. ನನ್ನ ಮನಿ ಎಲ್ಲಿಟ್ಟೀಯೇ ಪೋರಿ?"

ಆಗ ಅಂಗಡಿಯ ಹಿಂದೆಯೇ ಅವರ ಮನೆ ಇತ್ತು, ನಡುವೆ ಒಂದು ಬಾಗಿಲು. ಆ ಮನೆಯ ಸೊಸೆಯರು ಅಂಗಡಿಯ ಮುಂಭಾಗಕ್ಕೆ ಬರುವ ವಾಡಿಕೆ ಇರಲಿಲ್ಲ. ಕಾಕು ನಲವತ್ತು ವರ್ಷ ಅಂಗಡಿಯನ್ನು ನೋಡಿದ್ದು ಆ ಬಾಗಿಲಿನಿಂದ. ನಾವು ಅಲ್ಲಿ ಸೀರೆ ಕೊಂಡವರನ್ನೆಲ್ಲ ವಿಚಾರಿಸಿದ್ದೆವು. ನಾನೂ ಗಿರಾಕಿಯಾಗಿ ಹೋದವಳೇ. ಕಾಕುವನ್ನು ಮಾತ್ರ ಕೇಳಿರಲಿಲ್ಲ. ಅವರಿಗೆ ಅಚ್ಚರಿಯಾಗಲಿ ಎಂದು! ನಾನು ಓದಿದ ಯಾವ ಕಥೆಯಲ್ಲೂ ಮಾಯಾಲೋಕಕ್ಕೆ ಹೋದವಳು ತನ್ನ ಅಡುಗೆಮನೆಯನ್ನು ಹುಡುಕುವುದಿಲ್ಲ. ನನ್ನ ಕಥೆಯಲ್ಲಂತೂ ಸಂಡಾಸೇ ಇರಲಿಲ್ಲ.

ಕಾಕುವಿಗೆ ಬೇಸರವೇನೂ ಆಗಲಿಲ್ಲ. ಚಷ್ಮಾ ಬಿಚ್ಚಿಟ್ಟು ಚಹಾ ಕುಡಿಯುತ್ತ ನಕ್ಕರು. "ಗ್ವಾಡಿ ಬರೋಬ್ಬರಿ ಮಾಡ್ಯಾಳ. ಆ ನೀಲಿ ಬಣ್ಣ ಅವರೇ ನಿಂತು ಹಚ್ಚಿಸಿದ್ರು."

ನೀಲಿ ಎಂದು ಅನುಮಾನದಲ್ಲೇ ಹೇಳಿದವಳು ನಾನು. ಅದು ಅವರ ನೆನಪೋ, ಈಗಷ್ಟೇ ಒಳಗೆ ಕಂಡದ್ದೋ? ಕೇಳಿದರೆ ಅವರೂ ಪ್ರಾಮಾಣಿಕವಾಗಿ ನೆನಪೆಂದೇ ಹೇಳುತ್ತಾರೆ. ಒಳಗೆ ಹೋದವರು ಹೊರಗೆ ಬರುವುದಿಲ್ಲ ಎಂದು ಕಥೆಗಳು ಹೆದರಿಸುತ್ತವೆ. ಕಾಕು ಸುಖವಾಗಿ ಹೊರಗೆ ಬಂದು ಚಹಾಕ್ಕೆ ಸಕ್ಕರೆ ಕಮ್ಮಿಯಾಯಿತು ಎನ್ನುತ್ತಿದ್ದರು. ಅವರ ಜೊತೆ ನನ್ನ ಅಂದಾಜೂ ಹೊರಗೆ ಬಂದಿತ್ತೇನೋ.

ಗೋಡೆಯಾದರೆ ಹೋಗಲಿ. ಋತುಜಾಳ ಆಸೆ ಅದಕ್ಕಿಂತ ದೊಡ್ಡದಿತ್ತು. ಫೋಟೋದಿಂದ ಮುಖ ತೆಗೆದು ಕಾಕಾನನ್ನು ಗಾದಿಯ ಮೇಲೆ ಕೂರಿಸಬೇಕು. ಅಜ್ಜಿ ಹೂಂ ಎನ್ನದೆ ಕೂರಿಸುವುದಿಲ್ಲ ಎಂದು ಹಟ ಹಿಡಿದಿದ್ದಳು, ಅದು ಅವಳ ಒಳ್ಳೆಯತನ. ಅವತ್ತು ಕೇಳಿಯೇಬಿಟ್ಟಳು: "ಅಜ್ಜೀ, ಅಜ್ಜಗ ಅಲ್ಲಿ ಕೂಡಿಸ್ಲಾ?"

ಆ ಮುಖದಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಕಾಕು ನಾಳೆಯಿಂದ ಅದನ್ನೇ ನೆನೆದರೆ?

ಕಾಕು ಚಹಾದ ಕೊನೆಯ ಗುಟುಕು ಕುಡಿದರು. "ಮಾರಿ ಬ್ಯಾಡವಾ. ಬೆನ್ನ ಮಾಡು. ನನ್ನ ಬಾಗಿಲಿಂದ ನನಗ ಬೆನ್ನೇ ಕಾಣತಿತ್ತು."

"ಮತ್ತ ಅಜ್ಜಗ ಕರೀತಿದ್ದಿ ಹ್ಯಾಂಗ?"

"ಗಂಡನ ಹೆಸರ ಹಿಡದು ಕೂಗಲಾಕ ಬರತದೇನ? ಚೌಕಟ್ಟಿಗಿ ಲೋಟ ಬಡೀತಿದ್ದೆ. ಒಂದು ಸಲ ಬಡದ್ರ ಚಹಾ, ಎರಡು ಸಲ ಬಡದ್ರ ಊಟ. ಗಿರಾಕಿಗಿ ತಿಳೀತಿರಲಿಲ್ಲ, ಅವರಿಗಿ ತಿಳೀತಿತ್ತು."

ಋತುಜಾ ಎಲ್ಲವನ್ನೂ ಬರೆದುಕೊಂಡಳು. ಬಾಗಿಲು, ಚೌಕಟ್ಟು, ಬೆನ್ನು. ಸುಮ್ಮನಿರದೆ ನಾನು ಕೇಳಿದೆ: "ಕಾಕು, ಅದರೊಳಗ ನಿಂತು ನೀವು ಲೋಟ ಬಡದ್ರ, ಅವರು ತಿರುಗಿ ನೋಡಬೇಕೇನ್ರಿ, ಬ್ಯಾಡೇನ್ರಿ?"

ಕಾಕು ಬರಿದಾದ ಕಪ್ಪನ್ನು ಎತ್ತಿಕೊಂಡು ಒಳಗೆ ಹೋದರು. ಆಮೇಲೆ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದ್ದೇವೆ. ತೊಗರಿಯ ಬಗ್ಗೆ, ಮೊಣಕಾಲಿನ ಬಗ್ಗೆ, ಮಾಕಣಿಯ ಬೀಗರ ಬಗ್ಗೆ ಹೇಳುತ್ತಾರೆ. ಇದೊಂದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.